ಕ್ರಿ.ಪೂ. 4000ಕ್ಕಿಂತ ಮೊದಲು

ಸಿವಿಲೈಜೇಶನ್ ಆಟ ಶುರುವಾಗುವುದು ಕ್ರಿ.ಪೂ. 4000ದಲ್ಲಿ. 1991ರಲ್ಲಿ ಸಿಡ್ ಮೇಯರ್ ಮತ್ತು ಬ್ರೂಸ್ ಶೆಲ್ಲಿ ಸೇರಿ ಮೈಕ್ರೋಪ್ರೋಸ್ ಕಂಪನಿಗೆ ಮಾಡಿಕೊಟ್ಟ ಮೊದಲ ಆವೃತ್ತಿಯಲ್ಲಿ ಪರದೆ ಪೂರ್ತಿ ಕಪ್ಪು. ನಡುವೆ ಒಂದಿಷ್ಟು ಚೌಕದಷ್ಟು ನೆಲ ಮಾತ್ರ ಕಾಣುತ್ತದೆ. ಅದರ ಮೇಲೆ ಗಾಡಿ ಕಟ್ಟಿಕೊಂಡು ಬಂದು ನಿಂತ ವಲಸಿಗರ ಒಂದು ತಂಡ. ಊರು ಎಲ್ಲಿ ಕಟ್ಟಲಿ ಎಂಬುದೇ ಆಟಗಾರನ ಮುಂದಿನ ಮೊದಲ ಪ್ರಶ್ನೆ. ಒಂದು ಕೀ ಒತ್ತಿದರೆ ಊರು ಎದ್ದಿತು, ಅದಕ್ಕೊಂದು ಹೆಸರೂ ಬಂತು. ಆಮೇಲೆ ಕುಂಬಾರಿಕೆ, ಕಂಚು, ಅಕ್ಷರ, ಕುದುರೆ ಸವಾರಿ, ನಾಣ್ಯ, ಕೋವಿ, ರೈಲು, ಅಣುಬಾಂಬು. ಕೊನೆಗೆ ಆಲ್ಫಾ ಸೆಂಟಾರಿ ನಕ್ಷತ್ರದ ಕಡೆಗೆ ಹೊರಟ ಗಗನನೌಕೆ. ರಾತ್ರಿ ಊಟ ಮುಗಿಸಿ ಕೂತವರು ‘ಇನ್ನೊಂದೇ ಟರ್ನ್’ ಎನ್ನುತ್ತ ಬೆಳಗಿನ ಹಾಲಿನವನ ಗಂಟೆ ಕೇಳಿದ ಕಥೆ ಈ ಆಟ ಆಡಿದ ಯಾರ ಬಳಿಯಾದರೂ ಇರುತ್ತದೆ.

ಈ ಆಟವನ್ನು ಪಲ್ಲಾವರಂನಲ್ಲಿ ಕೂತು ಆಡುವಾಗ ಒಂದು ಇರುಸುಮುರುಸು ತಪ್ಪುವುದಿಲ್ಲ. ಚೆನ್ನೈ ವಿಮಾನ ನಿಲ್ದಾಣದ ಪಕ್ಕದ ಊರು ಇದು. ಜಿಎಸ್‌ಟಿ ರೋಡಿನ ಟ್ರಾಫಿಕ್ಕು, ತಲೆಯ ಮೇಲೆ ಇಳಿಯುವ ವಿಮಾನ, ಹಳೆಯ ಕಂಟೋನ್ಮೆಂಟಿನ ಮರಗಳು. ನೋಡಿದರೆ ಇತಿಹಾಸದ ಭಾರ ಹೊತ್ತ ಊರೆಂದು ಅನಿಸುವುದೇ ಇಲ್ಲ. ಆದರೆ ‘ಇಲ್ಲಿ ಊರು ಕಟ್ಟಲೇ’ ಎಂದು ಕೇಳುವಂಥ ಖಾಲಿ ಚೌಕ ಈ ನೆಲದಲ್ಲಿ ಎಂದಾದರೂ ಇತ್ತೆ?

1863ರ ಮೇ 30ರಂದು ಇಲ್ಲಿನ ಪೆರೇಡ್ ಮೈದಾನದ ಬಳಿ, ಜಲ್ಲಿಗಾಗಿ ಅಗೆದ ಗುಂಡಿಯಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಒಂದು ಕಲ್ಲನ್ನು ಎತ್ತಿಕೊಂಡ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸ ಮಾಡುತ್ತಿದ್ದ ಅವನಿಗೆ ಆಗ 28 ವರ್ಷ. ಮುಂದೆ ನಮ್ಮ ಧಾರವಾಡದ ಹೆಸರನ್ನು ಜಗತ್ತಿನ ಅತಿ ಹಳೆಯ ಶಿಲೆಗಳ ಒಂದು ವರ್ಗಕ್ಕೆ ಇಟ್ಟವನೂ, ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ನಡುವೆ ಅಲೆದವನೂ ಇವನೇ. ಕೈಯಲ್ಲಿದ್ದ ಕಲ್ಲು ಮನುಷ್ಯ ಕೆತ್ತಿದ ಕೈಗೊಡಲಿ ಎಂದು ಅವನಿಗೆ ಹೊಳೆಯಿತು. ಭಾರತದಲ್ಲಿ ಹಳೆ ಶಿಲಾಯುಗ ಇತ್ತು ಎಂಬುದರ ಅಧ್ಯಯನ ಆ ಜಲ್ಲಿಗುಂಡಿಯಿಂದಲೇ ಶುರುವಾಯಿತು.

ಅದಕ್ಕೂ ಮೊದಲು ಆ ಮೈದಾನದಲ್ಲಿ ಎಷ್ಟು ಸಿಪಾಯಿಗಳು ಕವಾಯತು ಮಾಡಿದ್ದರೋ, ಎಷ್ಟು ಕೂಲಿಗಳು ಅಂಥ ಕಲ್ಲುಗಳನ್ನು ಬುಟ್ಟಿಗೆ ತುಂಬಿ ರಸ್ತೆಗೆ ಸುರಿದಿದ್ದರೋ! ಕಲ್ಲು ಬಿದ್ದೇ ಇತ್ತು. ಆದರೆ ಫ್ರಾನ್ಸಿನ ಸೊಮ್ ನದಿಯ ದಂಡೆಯಲ್ಲಿ ಸಿಕ್ಕ ಕೈಗೊಡಲಿಗಳು ನಿಜಕ್ಕೂ ಪುರಾತನ ಮನುಷ್ಯರವು ಎಂದು ವಿದ್ವಾಂಸರು ಒಪ್ಪಿದ್ದು 1859ರಲ್ಲಿ. ಆ ಸುದ್ದಿಯ ಬೆನ್ನಿಗೇ ಫೂಟ್‌ನ ಕಣ್ಣು ಹುಡುಕತೊಡಗಿತ್ತು. ಇಲ್ಲಿ ಆಟಕ್ಕೆ ಒಂದು ಅಂಕ ಕೊಡಲೇಬೇಕು. ಮೂರನೇ ಆವೃತ್ತಿಯಿಂದ ಅದರಲ್ಲೊಂದು ಸೊಗಸಾದ ನಿಯಮವಿದೆ: ಕಬ್ಬಿಣದ ವಿದ್ಯೆ ಕಲಿಯುವ ತನಕ ನಕ್ಷೆಯ ಮೇಲೆ ಕಬ್ಬಿಣ ಕಾಣಿಸುವುದೇ ಇಲ್ಲ. ಕಲಿತ ಮರುಗಳಿಗೆ ನಿಮ್ಮದೇ ಹಿತ್ತಲಿನ ಗುಡ್ಡದಲ್ಲಿ ಅದಿರು ಮೂಡುತ್ತದೆ. ಪಲ್ಲಾವರಂನ ಕಲ್ಲಿಗೂ ಹಾಗೆಯೇ ಆಯಿತು.

ಅದೇ ವರ್ಷದ ಸೆಪ್ಟೆಂಬರ್ 28ರಂದು ಫೂಟ್ ಮತ್ತು ಅವನ ಸಹೋದ್ಯೋಗಿ ವಿಲಿಯಂ ಕಿಂಗ್ ಚೆನ್ನೈನಿಂದ ವಾಯವ್ಯಕ್ಕೆ ಸುಮಾರು 60 ಕಿಲೋಮೀಟರ್ ದೂರದ ಅತ್ತಿರಂಪಾಕ್ಕಂನಲ್ಲಿ ಇನ್ನೂ ದೊಡ್ಡ ನೆಲೆಯನ್ನು ಕಂಡರು. ಅಲ್ಲಿ 1999ರಿಂದ ಉತ್ಖನನ ನಡೆಸಿದ ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲ್ಲಿನ ಅತಿ ಹಳೆಯ ಕೈಗೊಡಲಿಗಳಿಗೆ ಸುಮಾರು 15 ಲಕ್ಷ ವರ್ಷ. ಬೇರೆ ಬಗೆಯ, ಸಣ್ಣ, ಚುರುಕಾದ ಆಯುಧಗಳು ಅಲ್ಲಿ ಕಾಣಿಸಿಕೊಂಡದ್ದು ಸುಮಾರು 3,85,000 ವರ್ಷದ ಹಿಂದೆ ಎಂದು ಅದೇ ತಂಡ 2018ರಲ್ಲಿ ಹೇಳಿತು. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ, ಕೆ. ಪದ್ದಯ್ಯನವರು ಅಗೆದು ತೋರಿಸಿದ ಇಸಾಂಪುರದಲ್ಲೂ, ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಇದೇ ತೆರನ ಕೊಡಲಿ ಮಾಡುತ್ತಿದ್ದ ಒಂದು ಬಗೆಯ ಕಾರ್ಖಾನೆಯೇ ಇತ್ತು. ಅದಕ್ಕೂ ಹತ್ತು ಲಕ್ಷ ವರ್ಷ ದಾಟಿದ ವಯಸ್ಸು ಹೇಳುತ್ತಾರೆ.

ಈಗ ಆಟದ ಲೆಕ್ಕ. ಮೊದಲ ಆವೃತ್ತಿಯಲ್ಲಿ ಕ್ರಿ.ಶ. 1000ದವರೆಗೆ ಒಂದು ಟರ್ನ್ ಎಂದರೆ 20 ವರ್ಷ. (ಒಬ್ಬ ಕಾಲಾಳು ಒಂದು ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಅವನ ಮೊಮ್ಮಕ್ಕಳಿಗೆ ಮದುವೆ ಆಗಿರಬೇಕು. ಅದನ್ನು ಯಾರೂ ಪ್ರಶ್ನಿಸುವುದಿಲ್ಲ.) ಊರು ಕಟ್ಟಿದ ಮೊದಲ ದಿನದಿಂದ ಕ್ರಿ.ಶ. 1000ಕ್ಕೆ ಬರಲು 250 ಟರ್ನ್ ಸಾಕು. ಅಷ್ಟರಲ್ಲಿ ಹತ್ತಿಪ್ಪತ್ತು ವಿದ್ಯೆ ಕೈಗೆ ಬಂದಿರುತ್ತದೆ. ಅತ್ತಿರಂಪಾಕ್ಕಂನಲ್ಲಾದರೋ ಕೈಗೊಡಲಿಯಿಂದ ಮುಂದಿನ ವಿದ್ಯೆಗೆ ಹೋಗಲು ಬೇಕಾದದ್ದು 11 ಲಕ್ಷ ವರ್ಷ, ಅಂದರೆ ಸುಮಾರು 55 ಸಾವಿರ ಟರ್ನ್. ಯಾವ ಆಟಗಾರ ಅಷ್ಟು ಸಲ ಬರಿದೇ ಸ್ಪೇಸ್ ಬಾರ್ ಒತ್ತಿಯಾನು?

ಆ ಕೈಗೊಡಲಿ ಮಾಡಿದವರು ಮಂದಬುದ್ಧಿಯವರು, ಏನೂ ಹೊಳೆಯದೆ ಕೂತಿದ್ದರು ಎನ್ನುವುದು ಒಂದು ಸುಲಭದ ಉತ್ತರ. ಅವರು ತೃಪ್ತರು, ಆಸೆಯಿಲ್ಲದ ಋಷಿಗಳು ಎನ್ನುವುದು ಇನ್ನೊಂದು. ಎರಡೂ ನನಗೆ ರುಚಿಸುವುದಿಲ್ಲ. ಅವರು ನಮ್ಮ ಜಾತಿಯ ಮನುಷ್ಯರೇ ಅಲ್ಲ. ಹೋಮೋ ಸೇಪಿಯನ್ಸ್ ಭೂಮಿಗೆ ಬಂದದ್ದು ಅವರಿಗಿಂತ ಬಹಳ ಈಚೆಗೆ. ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನಾವು ಯಾರು? ಆದರೆ ಒಂದು ಮಾತನ್ನು ಕಲ್ಲೇ ಹೇಳುತ್ತದೆ. ಕೈಗೊಡಲಿ ತಾನಾಗಿ ಬರುವ ವಿದ್ಯೆಯಲ್ಲ. ಯಾವ ಕಲ್ಲು, ಯಾವ ಕೋನದಲ್ಲಿ ಹೊಡೆತ, ಒಂದು ಮುಖ ಚಕ್ಕೆ ಎದ್ದಮೇಲೆ ಯಾವಾಗ ಮಗುಚಬೇಕು ಎಂಬುದನ್ನು ಈಗಿನ ಕಾಲದ ಸಂಶೋಧಕರೇ ಕೈಗೆ ಗಾಯ ಮಾಡಿಕೊಂಡು ತಿಂಗಳುಗಟ್ಟಲೆ ಕಲಿಯಬೇಕು. ಯಾರೋ ಮಾಡಿ ತೋರಿಸಿರಬೇಕು, ಇನ್ಯಾರೋ ಪಕ್ಕದಲ್ಲಿ ಕೂತು ನೋಡಿರಬೇಕು. 20 ವರ್ಷವೆಂದರೆ ಹೆಚ್ಚುಕಡಿಮೆ ಒಂದು ತಲೆಮಾರು. ಹಾಗಾದರೆ ಆ 55 ಸಾವಿರ ಟರ್ನ್ ಖಾಲಿ ಹೋದವಲ್ಲ. ಪ್ರತಿ ಟರ್ನಿನಲ್ಲೂ ಒಂದು ಪೀಳಿಗೆ ಇನ್ನೊಂದಕ್ಕೆ ಕಲ್ಲು ಒಡೆಯುವುದನ್ನು ಕಲಿಸಿದೆ.

ಆಟಕ್ಕೆ ಕಾಣದೇ ಹೋದದ್ದು ಇದೇ. ಅದರ ವಿದ್ಯೆಗಳ ಮರದಲ್ಲಿ ಒಮ್ಮೆ ಕಲಿತದ್ದು ಎಂದಿಗೂ ಮರೆಯುವುದಿಲ್ಲ. (ಈ ಮರದ ಬೇರು ಇರುವುದು ಫ್ರಾನ್ಸಿಸ್ ಟ್ರೆಶಮ್ ಎಂಬ ಇಂಗ್ಲಿಷಿನವನು 1980ರಲ್ಲಿ ಹೊರತಂದ, ಹಲಗೆಯ ಮೇಲೆ ಆಡುವ ಅದೇ ಹೆಸರಿನ ಆಟದಲ್ಲಿ.) ಗುಡಿ, ಕಣಜ, ಗೋಡೆಗಳಿಗೆ ಮೊದಲ ಆವೃತ್ತಿಯಲ್ಲೇ ಪ್ರತಿ ಟರ್ನಿಗೂ ಇಷ್ಟು ಚಿನ್ನವೆಂದು ನಿರ್ವಹಣೆಯ ಖರ್ಚು ಇಟ್ಟಿದ್ದಾರೆ, ಬೊಕ್ಕಸ ಬರಿದಾದರೆ ಕಟ್ಟಡ ಮಾರಿಹೋಗುತ್ತದೆ. ಅದು ಸರಿಯಾದ ಲೆಕ್ಕ. ಆದರೆ ಕುಂಬಾರಿಕೆಗೆ ಖರ್ಚಿಲ್ಲ, ಅಕ್ಷರಕ್ಕೆ ಖರ್ಚಿಲ್ಲ. ಕಲಿಸುವವನ ಸಂಬಳ ಯಾವ ಸಾಲಿನಲ್ಲೂ ಇಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಎಂದು ಮಕ್ಕಳನ್ನು ಬೆಳೆಸುವ ಮದರಾಸಿನ ಕನ್ನಡ ಮನೆಗಳಿಗೆ ಗೊತ್ತಿದೆ, ಅಕ್ಷರ ಉಳಿಯುವ ಖರ್ಚು ಎಷ್ಟೆಂದು. ಒಂದು ತಲೆಮಾರು ಸುಮ್ಮನಿದ್ದರೆ ಆ ಚೌಕ ಮತ್ತೆ ಕಪ್ಪಾಗುತ್ತದೆ.

ಮೊದಲ ಆವೃತ್ತಿಯಲ್ಲಿ ಆರಂಭದಲ್ಲೇ ಕಲಿಯಬಹುದಾದ ವಿದ್ಯೆಗಳಲ್ಲಿ ‘ಶವಸಂಸ್ಕಾರ’ವೂ ಒಂದು. ಅದನ್ನು ಕಲಿತರೆ ಗುಡಿ ಕಟ್ಟಲು ಅನುಮತಿ. ವಿಚಿತ್ರ ಅನಿಸಬಹುದು, ಆದರೆ ಪಲ್ಲಾವರಂ ಅದೇ ಕ್ರಮವನ್ನು ಪಾಲಿಸಿದ ಹಾಗಿದೆ. ಅಲೆಕ್ಸಾಂಡರ್ ರೀ 19ನೇ ಶತಮಾನದ ಕೊನೆಯಲ್ಲಿ ಇಲ್ಲಿನ ಬೃಹತ್ ಶಿಲಾಯುಗದ ಸಮಾಧಿಗಳನ್ನು ಅಗೆದಾಗ, ಸಾಲುಗಾಲುಗಳ ಮೇಲೆ ನಿಂತ ಸುಟ್ಟ ಮಣ್ಣಿನ ಶವಪೆಟ್ಟಿಗೆಗಳು ಸಿಕ್ಕವು. ಅದಾಗಿ ಶತಮಾನಗಳ ಮೇಲೆ, ಇದೇ ಊರಿನ ಗುಡ್ಡದಲ್ಲಿ, ಪಲ್ಲವರ ಮೊದಲನೇ ಮಹೇಂದ್ರವರ್ಮ ಐದು ಗರ್ಭಗುಡಿಗಳ ಗುಹಾಲಯ ಕೊರೆಸಿ ತನ್ನ ಬಿರುದುಗಳನ್ನೆಲ್ಲ ಸಾಲಾಗಿ ಕೆತ್ತಿಸಿದ. ಇಂದು ಆ ಗುಹೆ ಮುಸ್ಲಿಮರ ದರ್ಗಾ. ಬಿರುದುಗಳ ಅಕ್ಷರಗಳೂ ಇವೆ, ಹಸಿರು ಚಾದರಗಳೂ ಇವೆ.

ಅಲ್ಲಿನ ಬಂಡೆಯದೇ ಒಂದು ಕಥೆ. ಪಲ್ಲಾವರಂ ಮತ್ತು ಪಕ್ಕದ ಸೇಂಟ್ ಥಾಮಸ್ ಮೌಂಟ್ ಗುಡ್ಡಗಳ ಈ ಕರಿಗಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಇದನ್ನು ವಿವರಿಸಿ 1893ರಲ್ಲಿ ಹೆಸರಿಟ್ಟ ಥಾಮಸ್ ಹಾಲೆಂಡ್ ಊರಿನ ಹೆಸರನ್ನು ಆರಿಸಲಿಲ್ಲ. ದೂರದ ಕಲ್ಕತ್ತದ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್‌ನ ಗೋರಿಯ ಮೇಲೆ ಈ ಜಾತಿಯ ಕಲ್ಲಿನ ಫಲಕವಿತ್ತು, ಅದರಿಂದ ‘ಚಾರ್ನೊಕೈಟ್’. (ಕನಕಪುರದ ಬಳಿಯ ಕಬ್ಬಾಳದುರ್ಗದಲ್ಲಿ ಬೇರೆ ಕಲ್ಲೊಂದು ಚಾರ್ನೊಕೈಟ್ ಆಗಿ ಬದಲಾಗುತ್ತಿರುವ ಹಂತವನ್ನೇ ಕಣ್ಣಾರೆ ನೋಡಬಹುದು. ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು.) ಚಾರ್ನಾಕ್ ಯಾರು? 1690ರ ಆಗಸ್ಟ್ 24ರಂದು ಹೂಗ್ಲಿ ದಂಡೆಯ ಸುತಾನುಟಿಯಲ್ಲಿ ಇಳಿದು ಕಲ್ಕತ್ತ ನಗರವನ್ನು ಸ್ಥಾಪಿಸಿದವನು. ಬಹುಕಾಲ ಶಾಲೆಯ ಪುಸ್ತಕಗಳು ಹೀಗೆ ಹೇಳಿದವು. ಥೇಟ್ ಆಟದ ಮೊದಲ ಟರ್ನ್: ದೋಣಿಯಿಂದ ಇಳಿದ, ಕೀ ಒತ್ತಿದ, ಊರಾಯಿತು.

2003ರಲ್ಲಿ ಕಲ್ಕತ್ತ ಹೈಕೋರ್ಟಿನ ಮುಂದೆ ಈ ಪ್ರಶ್ನೆ ಬಂತು. ಆ ಸೀಮೆಯ ಹಳೆಯ ಜಮೀನ್ದಾರಿ ಮನೆತನದವರು ಹೂಡಿದ ದಾವೆ ಅದು. ಇತಿಹಾಸಕಾರರ ಸಮಿತಿಯೊಂದರ ವರದಿ ನೋಡಿ ನ್ಯಾಯಾಲಯ ಹೇಳಿತು: ಚಾರ್ನಾಕ್ ಕಲ್ಕತ್ತದ ಸ್ಥಾಪಕನಲ್ಲ, ಆ ದಿನ ಕಲ್ಕತ್ತದ ಹುಟ್ಟುಹಬ್ಬವೂ ಅಲ್ಲ. ಸುತಾನುಟಿ, ಗೋವಿಂದಪುರ, ಕಾಲಿಕಾಟಾ ಎಂಬ ಹಳ್ಳಿಗಳು ಅವನಿಗಿಂತ ಮೊದಲೇ ಇದ್ದವು. ನೇಕಾರರಿದ್ದರು, ಸಂತೆ ನಡೆಯುತ್ತಿತ್ತು. ಆಟದಲ್ಲೂ ಅಂಥ ಹಳ್ಳಿಗಳಿವೆ. ನಕ್ಷೆಯ ಮೇಲೆ ಅಲ್ಲಲ್ಲಿ ಒಂದೊಂದು ಗುಡಿಸಲು. ನಮ್ಮ ಪಡೆ ಅದರೊಳಗೆ ಕಾಲಿಟ್ಟ ತಕ್ಷಣ ಒಂದಿಷ್ಟು ಚಿನ್ನವೋ, ಒಂದು ವಿದ್ಯೆಯೋ ಸಿಗುತ್ತದೆ; ಗುಡಿಸಲು ನಕ್ಷೆಯಿಂದ ಅಳಿಸಿಹೋಗುತ್ತದೆ. ನೂರಾರು ಸಲ ಹೀಗೆ ಮಾಡಿದವರಿಗೂ ಅಲ್ಲಿದ್ದವರು ಎಲ್ಲಿಗೆ ಹೋದರೆಂಬ ಯೋಚನೆ ಬರುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಒಂದು ನಗರಕ್ಕೆ ಸ್ಥಾಪಕನೇ ಇಲ್ಲವೆಂದು ತೀರ್ಪಾದದ್ದು ನನಗೆ ತುಂಬ ಇಷ್ಟವಾದ ಸಂಗತಿ. ಸ್ಥಾಪಕನೆನಿಸಿಕೊಂಡವನ ಗೋರಿಗೆ ಕಲ್ಲು ಹೋದದ್ದು, ಯಾರು ಮೊದಲು ಬಂದರೆಂದು ಯಾರೂ ಹೇಳಲಾರದ ಈ ಕಡೆಯ ಗುಡ್ಡಗಳಿಂದ ಎಂಬುದು ಇನ್ನೂ ಇಷ್ಟ.

ಪಲ್ಲಾವರಂನ ದೊಡ್ಡ ಕೆರೆ, ಪೆರಿಯ ಏರಿ, ಈಗ ತುಂಡಾಗಿದೆ. ತೊರೈಪಾಕ್ಕಂ ಕಡೆಗೆ ಹೋಗುವ ರೇಡಿಯಲ್ ರೋಡ್ ಅದರ ನಡುವೆಯೇ ಹಾದಿದೆ, ಕಸವನ್ನೂ ತಂದು ಸುರಿದದ್ದಾಗಿದೆ. ಆಟದಲ್ಲಿ ರಸ್ತೆ ಹಾಕಿದರೆ ಆ ಚೌಕದಲ್ಲಿ ವ್ಯಾಪಾರ ಹೆಚ್ಚುತ್ತದೆ, ಅಷ್ಟೇ. ನೀರು ಎತ್ತ ಹರಿಯಬೇಕಿತ್ತು ಎಂಬ ಲೆಕ್ಕವಿಲ್ಲ. ಸಿಡ್ ಮೇಯರ್‌ಗೆ ಅನ್ಯಾಯ ಮಾಡಬಾರದು: ಮಾಲಿನ್ಯ ಮತ್ತು ಭೂಮಿ ಬಿಸಿಯಾಗುವುದು 1991ರ ಆವೃತ್ತಿಯಲ್ಲೇ ಇದ್ದವು. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ವಲಸಿಗರ ಒಂದು ತಂಡ ಕಳಿಸಿದರೆ ಕೆಲವೇ ಟರ್ನಿನಲ್ಲಿ ಎಲ್ಲ ಶುದ್ಧ. ತಮಿಳುನಾಡಿನಲ್ಲಿ ಕೆರೆ ಹೂಳೆತ್ತುವುದಕ್ಕೆ ಊರವರೇ ಸೇರುತ್ತಿದ್ದ ‘ಕುಡಿಮರಾಮತ್ತು’ ಎಂಬ ಪದ್ಧತಿ ಇತ್ತು. ನಮ್ಮಲ್ಲೂ ಊರವರು ಸೇರಿ ಕೆರೆಯ ಹೂಳೆತ್ತುತ್ತಿದ್ದರು. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿರುತ್ತದೆ. ಹೂಳೆತ್ತಿದವರ ಹೆಸರು ಹುಡುಕಿದರೂ ಸಿಗುವುದು ಅಪರೂಪ.

ಈ ಊರಿನ ಶುಕ್ರವಾರದ ಸಂತೆಯಲ್ಲಿ ಮಾತ್ರ ಉಳಿಸಿಕೊಳ್ಳುವ ವಿದ್ಯೆಗೆ ಇನ್ನೂ ಬೆಲೆಯಿದೆ. ಗಿಡ, ಬಟ್ಟೆ, ಪಾತ್ರೆಗಳ ನಡುವೆ ಹಳೆಯ ಮಿಕ್ಸಿ, ಫ್ಯಾನು, ಮಾನಿಟರು, ಕೀಬೋರ್ಡುಗಳ ರಾಶಿ. ಹಳೆ ಯಂತ್ರ ಕೊಂಡು ಇಟ್ಟುಕೊಂಡರೆ ಹಳೆ ಆಟಗಳೂ ನಡೆಯುತ್ತವೆಂದು ಗೊತ್ತಿರುವ ಮಂದಿ ಅಲ್ಲಿ ಸುಳಿದಾಡುತ್ತಾರೆ, ನಾನೂ ಸೇರಿ. ಆಟದ ಭಾಷೆಯಲ್ಲಿ ಇವೆಲ್ಲ ಕಾಲ ಮುಗಿದ ಸರಕು.

ಕನ್ನಡಿಗನಾಗಿ ಈ ಸೀಮೆಯಲ್ಲಿ ಓಡಾಡುವಾಗ ಇನ್ನೊಂದು ನೆನಪು ಹಿಂಬಾಲಿಸುತ್ತದೆ. ಗುಹೆ ಕೊರೆಸಿದ ಮಹೇಂದ್ರವರ್ಮನನ್ನು ಕಂಚಿಯ ಕೋಟೆಯೊಳಗೆ ಅಡಗುವಂತೆ ಮಾಡಿದೆನೆಂದು ಬಾದಾಮಿಯ ಇಮ್ಮಡಿ ಪುಲಕೇಶಿ ಐಹೊಳೆಯ ಶಾಸನದಲ್ಲಿ ಹೇಳಿಸಿಕೊಂಡ. ಅದು 634. ಮಹೇಂದ್ರನ ಮಗ ನರಸಿಂಹವರ್ಮ ಪುಲಕೇಶಿಯನ್ನು ತಿರುಗಿ ಸೋಲಿಸಿದ ಯುದ್ಧಗಳಲ್ಲಿ ಒಂದು ನಡೆದದ್ದು ಮಣಿಮಂಗಲದಲ್ಲಿ. ತಾಂಬರಂ ದಾಟಿ ಪಶ್ಚಿಮಕ್ಕೆ ಸ್ವಲ್ಪ ಹೋದರೆ ಆ ಊರು ಈಗಲೂ ಇದೆ. 642ರಲ್ಲಿ ಅವನು ಬಾದಾಮಿಯನ್ನೇ ಹಿಡಿದ, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಬರೆಸಿದ. ಇಲ್ಲಿಯವರೆಗೆ ಎಲ್ಲವೂ ಆಟದಂತೆಯೇ ಇದೆ. ನಿನ್ನ ಟರ್ನ್, ನನ್ನ ಟರ್ನ್.

ಸುಮಾರು ನೂರು ವರ್ಷದ ಮೇಲೆ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ಬಂದು ಗೆದ್ದ. 1991ರ ಆಟದಲ್ಲಿ ನಗರ ಹಿಡಿದ ಕ್ಷಣವೇ ಅಲ್ಲಿನ ಚಿನ್ನ ನಮ್ಮ ಬೊಕ್ಕಸಕ್ಕೆ ತಾನಾಗಿ ಬಂದು ಬೀಳುತ್ತದೆ. ಬೇಡವೆನ್ನಲು ಗುಂಡಿಯೇ ಇಲ್ಲ. ವಿಕ್ರಮಾದಿತ್ಯ ಕೈಲಾಸನಾಥ ದೇವಾಲಯದ ಐಶ್ವರ್ಯವನ್ನು ನೋಡಿದ, ಅದನ್ನು ದೇವರಿಗೇ ಬಿಟ್ಟುಕೊಟ್ಟ, ಬಿಟ್ಟುಕೊಟ್ಟೆನೆಂದು ಅಲ್ಲಿನ ಕಂಬವೊಂದರ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಇದು ಗೆದ್ದವನ ಜಾಹೀರಾತು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಶತ್ರುವಿನ ಗುಡಿಯ ಕಂಬಕ್ಕೆ ತನ್ನ ಭಾಷೆಯಲ್ಲಿ ಬರೆಸುವುದು ವಿನಯದ ಕೆಲಸವೇನಲ್ಲ. ಆದರೆ ಜಾಹೀರಾತು ಹಾಕಲು ಅವನು ಆರಿಸಿಕೊಂಡ ಸಂಗತಿಯನ್ನು ಗಮನಿಸಬೇಕು. ಸುಟ್ಟೆ, ಸೂರೆ ಮಾಡಿದೆ ಎಂದು ಬರೆಸುವುದು ಆ ಕಾಲದ ರೂಢಿ. ಇವನು ಮುಟ್ಟಲಿಲ್ಲ ಎಂದು ಬರೆಸಿದ.

ಅವನ ರಾಣಿ ಲೋಕಮಹಾದೇವಿ, ಗಂಡ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆಂದು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ಅದರ ಮೈಕಟ್ಟಿನಲ್ಲಿ ಕಂಚಿಯ ಕೈಲಾಸನಾಥದ ಛಾಯೆ ಎದ್ದು ಕಾಣುತ್ತದೆ. ಸಿವಿಲೈಜೇಶನ್‌ನಲ್ಲಿ ಜಗತ್ತಿನ ಅದ್ಭುತವೊಂದನ್ನು ಒಬ್ಬನೇ ಕಟ್ಟಬಹುದು. ಅವನು ಮುಗಿಸಿದ ಸುದ್ದಿ ಬಂದರೆ ಉಳಿದವರು ಕೈಬಿಡಬೇಕು. ಮಲಪ್ರಭೆಯ ದಂಡೆಯಲ್ಲಿ ಆ ನಿಯಮ ನಡೆಯಲಿಲ್ಲ. ಗೆದ್ದವರು ಸೋತವರ ಗುಡಿಯನ್ನು ಕಂಡು ಕಲಿತರು. ಕೈಲಾಸನಾಥ ತನ್ನ ಊರಿನಲ್ಲಿ ಹಾಗೇ ಇತ್ತು, ವಿರೂಪಾಕ್ಷ ಪಟ್ಟದಕಲ್ಲಿನಲ್ಲಿ ಎದ್ದಿತು.

2025ರ ಫೆಬ್ರವರಿಯಲ್ಲಿ ಬಂದ ಏಳನೇ ಆವೃತ್ತಿಯಲ್ಲಿ ಮೌರ್ಯರಿದ್ದಾರೆ, ಚೋಳರಿದ್ದಾರೆ, ಮೊಘಲರಿದ್ದಾರೆ. ಅದು ಬಂದ ಹೊಸತರಲ್ಲಿ, ಒಂದು ಯುಗ ಮುಗಿದಾಗ ನಾಗರಿಕತೆಯೇ ಬದಲಾಗಿ, ಅದೇ ಊರುಗಳ ಮೇಲೆ ಇನ್ನೊಂದು ಹೆಸರಿನಲ್ಲಿ ಮುಂದುವರಿಯಬೇಕಿತ್ತು. ಹಳೆಯ ಅಭಿಮಾನಿಗಳು ಹಲವರಿಗೆ ಇದು ಹಿಡಿಸಲಿಲ್ಲ. ಶವಪೆಟ್ಟಿಗೆ, ಗುಹಾಲಯ, ಕಂಟೋನ್ಮೆಂಟು, ದರ್ಗಾ ಎಲ್ಲವನ್ನೂ ಹೊತ್ತ ಊರಿನಲ್ಲಿ ಕೂತವನಿಗೆ ಇದರಲ್ಲಿ ಆಕ್ಷೇಪಣೆ ಎಲ್ಲಿಂದ ಬರಬೇಕು! ಚಾಲುಕ್ಯರು ಈ ಮೂರರ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿಲ್ಲದ ನಾಡುಗಳನ್ನು ಅಭಿಮಾನಿಗಳೇ ‘ಮಾಡ್’ ಬರೆದು ಸೇರಿಸಿಕೊಳ್ಳುವುದು ಈ ಆಟದ ಹಳೆಯ ಸಂಪ್ರದಾಯ. ಬಾದಾಮಿಗೆ ಒಂದು ಬರೆಯಲು ಯಾವ ಹುಡುಗನಾದರೂ ಹೊರಟರೆ ರಾಜ, ಸೈನ್ಯ, ಗುಹೆ, ಮೇಣಬಸದಿ ಎಲ್ಲ ಸುಲಭವಾಗಿ ಒದಗುತ್ತವೆ. ತೊಡಕು ಬರುವುದು ಕಂಚಿಯ ಬಾಗಿಲಲ್ಲಿ. ಚಿನ್ನ ಬೇಡವೆನ್ನುವ ಗುಂಡಿ ಒಂದನ್ನು ಅವನು ಇಡಬೇಕು, ಮತ್ತೆ ಅದನ್ನು ಒತ್ತಿದವನಿಗೆ ಆಟ ಏನು ಕೊಡಬೇಕೆಂದೂ ಬರೆಯಬೇಕು. ಅಂಕ ಕೊಟ್ಟರೆ ಅದು ವ್ಯಾಪಾರವಾಯಿತು. ಏನೂ ಕೊಡದಿದ್ದರೆ ಯಾರೂ ಒತ್ತುವುದಿಲ್ಲ. ವಿಕ್ರಮಾದಿತ್ಯ ಯಾಕೆ ಒತ್ತಿದ ಎಂಬುದಕ್ಕೆ ಆ ಕಂಬದಲ್ಲಿ ವಿವರಣೆ ಇಲ್ಲ.